ಸಾಂಟಾನ ಕತ್ತಿಗೆ ಸಾಣೆ ಹಿಡಿದವರು ನಾವು, ಕತ್ತಿ ಯಾರದು?

ಕ್ರಿಸ್‌ಮಸ್ ತಾತನ ಕೈಯಲ್ಲಿ ಕತ್ತಿ ನೋಡಿದ್ದೀರಾ? ಅದೂ ಜೋಡಿ ಕತ್ತಿ!

2012ರಲ್ಲಿ ಅಮೆರಿಕದ ಡ್ರೀಮ್‌ವರ್ಕ್ಸ್ ಕಂಪನಿ ‘ರೈಸ್ ಆಫ್ ದಿ ಗಾರ್ಡಿಯನ್ಸ್’ ಎಂಬ ಅನಿಮೇಷನ್ ಚಿತ್ರ ತೆಗೆಯಿತು. ಅದರಲ್ಲಿ ಸಾಂಟಾಕ್ಲಾಸ್ ಅಂಗಡಿ ಬಾಗಿಲಲ್ಲಿ ನಿಂತು ಚಾಕಲೇಟು ಹಂಚುವ ಬಡಪಾಯಿ ಮುದುಕನಾಗಿ ಬರುವುದಿಲ್ಲ. ರಷ್ಯನ್ ಧಾಟಿಯಲ್ಲಿ ಗುಡುಗುವ ದೈತ್ಯನಾಗಿ ಬರುತ್ತಾನೆ. ತೋಳುಗಳ ಮೇಲೆ ಹಚ್ಚೆ. ಒಂದರಲ್ಲಿ ‘ತುಂಟ’, ಇನ್ನೊಂದರಲ್ಲಿ ‘ಜಾಣ’ ಎಂಬರ್ಥದ ಇಂಗ್ಲಿಷ್ ಪದ. ಎರಡೂ ಕೈಯಲ್ಲಿ ಕತ್ತಿ. ನಮ್ಮ ಹುಡುಗರು ನೋಡಿ ಶಿಳ್ಳೆ ಹೊಡೆದರು. ಹೊಡೆಯಲಿ, ಬೇಡ ಅನ್ನುವವರು ಯಾರು? ನನ್ನ ಪ್ರಶ್ನೆ ಬೇರೆ. ಇಂಥ ಕತ್ತಿಯನ್ನು ಮೊದಲು ಮನಸ್ಸಿನಲ್ಲಿ ಕಂಡವರು ಯಾರು? ಕಾಗದದ ಮೇಲೆ ಅದರ ಮೊದಲ ಗೆರೆ ಎಳೆದವರು ಯಾರು? ಆ ಕೈ ಕನ್ನಡದ ಹುಡುಗನದೋ ಹುಡುಗಿಯದೋ ಯಾಕೆ ಆಗಬಾರದು?

ಹೋದ ತಿಂಗಳು ಅರಸೀಕೆರೆ ಕಡೆಯ ಹುಡುಗನೊಬ್ಬ ಸಿಕ್ಕಿದ್ದ. ಅಪ್ಪ ಕುರಿ ಸಾಕುವವರು. ಮಗ ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾನೆ. ಏನು ಮಾಡ್ತಿದ್ದೀಯಪ್ಪ ಅಂದೆ.

‘ಮೂರು ತಿಂಗಳಿಂದ ಒಂದು ಕ್ಯಾಂಡಿ ಕೇನ್ ತಿರುಗಿಸ್ತಾ ಇದೀನಿ ಅಣ್ಣ’ ಅಂದ.

ಕ್ಯಾಂಡಿ ಕೇನ್ ಅಂದರೆ ಕೆಂಪು ಬಿಳಿ ಪಟ್ಟೆಯ, ತುದಿ ಬಾಗಿದ ಪೆಪ್ಪರ್‌ಮಿಂಟ್ ಕಡ್ಡಿ. ಪಶ್ಚಿಮದವರು ಕ್ರಿಸ್‌ಮಸ್ ಮರಕ್ಕೆ ನೇತುಹಾಕುತ್ತಾರೆ. ಇವನು ಮಾಡುತ್ತಿದ್ದ ಮಕ್ಕಳ ಸರಣಿಯಲ್ಲಿ ಆ ಕಡ್ಡಿಯೊಳಗಿಂದ ಅಲಗು ಹೊರಬರಬೇಕಂತೆ. ಅಲಗು ಹೊರಬರುವ ವೇಗ ಸರಿಯಿಲ್ಲ, ಹೊಳಪು ಸಾಲದು ಎಂದು ಹದಿನಾಲ್ಕು ಸಲ ವಾಪಸು ಬಂದಿತ್ತಂತೆ.

‘ಚಿತ್ರ ಬರೆದವರು ಯಾರು?’

‘ಗೊತ್ತಿಲ್ಲ ಅಣ್ಣ. ಮೇಲ್‌ನಲ್ಲಿ ಬಂತು.’

‘ನೀನೇ ಒಂದು ಬರೆದು ತೋರಿಸಬಹುದಿತ್ತಲ್ಲ?’

ಹುಡುಗ ನಕ್ಕುಬಿಟ್ಟ. ‘ನಮ್ಮನ್ನ ಯಾರು ಕೇಳ್ತಾರೆ ಅಣ್ಣ?’

ಗೆಳೆಯರೇ, ಆ ನಗು ನನಗೆ ನಿದ್ದೆ ಕೆಡಿಸಿದೆ. ಅದಕ್ಕೇ ಈ ಲೇಖನ.

ಮೂಳೆ ನಮ್ಮದು, ಮುಖ ಅವರದು

ಈ ಕಥೆ ನಿನ್ನೆ ಮೊನ್ನೆಯದಲ್ಲ. 2008ರಲ್ಲಿ ಡ್ರೀಮ್‌ವರ್ಕ್ಸ್ ಮತ್ತು ಟೆಕ್ನಿಕಲರ್ ಕಂಪನಿಗಳು ಕೈ ಜೋಡಿಸಿ ಬೆಂಗಳೂರಿನಲ್ಲಿ ಡ್ರೀಮ್‌ವರ್ಕ್ಸ್ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಘಟಕ ಕಟ್ಟಿದವು. ಅಲ್ಲಿ ಮೊದಮೊದಲು ತಯಾರಾದವುಗಳಲ್ಲಿ 2009ರ ‘ಮೆರ್ರಿ ಮಡಗಾಸ್ಕರ್’ ಎಂಬ ಕ್ರಿಸ್‌ಮಸ್ ಟಿವಿ ಚಿತ್ರವೂ ಒಂದು. ಆಮೇಲೆ 2011ರ ‘ಪುಸ್ ಇನ್ ಬೂಟ್ಸ್’, 2012ರ ‘ಮಡಗಾಸ್ಕರ್ 3’ ಚಿತ್ರಗಳ ಕೆಲಸದಲ್ಲೂ ಬೆಂಗಳೂರಿನ ಕೈಗಳಿದ್ದವು.

‘ಮೆರ್ರಿ ಮಡಗಾಸ್ಕರ್’ ಕಥೆ ಮಜವಾಗಿದೆ. ದ್ವೀಪದ ಲೀಮರ್ ಪ್ರಾಣಿಗಳಿಗೆ ಪ್ರತಿ ಡಿಸೆಂಬರ್ 24ರ ರಾತ್ರಿ ಆಕಾಶದಿಂದ ಕೆಂಪು ಪಿಶಾಚಿಯೊಂದು ಇದ್ದಿಲು ಎಸೆದು ಓಡಿಹೋಗುತ್ತದೆ ಎಂಬ ಭಯ. ಅಲೆಕ್ಸ್ ಎಂಬ ಸಿಂಹ ಆ ಪಿಶಾಚಿಯನ್ನು ಹೊಡೆದುರುಳಿಸುತ್ತಾನೆ. ಬಿದ್ದದ್ದು ನೋಡಿದರೆ ಸಾಕ್ಷಾತ್ ಸಾಂಟಾ! ಜಾಣ ಮಕ್ಕಳಿಗೆ ಉಡುಗೊರೆ, ತುಂಟ ಮಕ್ಕಳಿಗೆ ಇದ್ದಿಲು ಎಂಬುದು ಪಶ್ಚಿಮದ ಹಳೆಯ ನಂಬಿಕೆ. ಬರೆದವರು ಆ ಇದ್ದಿಲನ್ನೇ ಗುಂಡು ಮಾಡಿದರು. ಅವರಿಗೆ ಹೊಳೆಯಿತು, ಯಾಕೆಂದರೆ ಅದು ಅವರ ಅಜ್ಜಿ ಹೇಳಿದ ಕಥೆ. ಆ ಕಥೆಗೆ ಜೀವ ತುಂಬಿದ್ದು, ಪ್ರಾಣಿಗಳ ಒಂದೊಂದು ಕೂದಲನ್ನು ಕುಣಿಸಿದ್ದು ಬೆಂಗಳೂರಿನ ಘಟಕ.

ಕೆಲಸ ಹೀಗೆ ಹಂಚಿಕೆಯಾಗುತ್ತದೆ. ಮೊದಲು ಕಲ್ಪನೆಯ ಚಿತ್ರ. ಇದಕ್ಕೆ ಕಾನ್ಸೆಪ್ಟ್ ಆರ್ಟ್ ಎನ್ನುತ್ತಾರೆ. ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಗೊಂಬೆಯಂತೆ ಕಡೆಯುವುದು. ಅದರೊಳಗೆ ಮೂಳೆ ಕೀಲು ಜೋಡಿಸುವುದು. ಮೇಲೆ ಬಣ್ಣ, ತುಕ್ಕು, ಗೀರು ಮೆತ್ತುವುದು. ಕೊನೆಗೆ ಕುಣಿಸಿ ಬೆಳಕು ಬಿಡುವುದು. ಎಲ್ಲವೂ ಮರ್ಯಾದೆಯ ಕೆಲಸ, ಎಲ್ಲಕ್ಕೂ ಕೌಶಲ ಬೇಕು. ಆದರೆ ಹೊರದೇಶದ ಗುತ್ತಿಗೆ ಬಂದಾಗ ಮೊದಲನೆಯದು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಇಲ್ಲಿಗೆ ಬರುತ್ತದೆ. ಬೆಂಗಳೂರಿನಲ್ಲಿ ಕಲ್ಪನೆಯ ಚಿತ್ರ ಬರೆಯುವವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದಾರೆ. ಸಾಲದು ಎಂಬುದೇ ನನ್ನ ತಕರಾರು.

ಗುತ್ತಿಗೆ ನಂಬಿದರೆ ಏನಾಗುತ್ತದೆ? 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದುಬಿತ್ತು. ಎಲ್ಲೋ ದೂರದಲ್ಲಿ ಲೆಕ್ಕ ತಪ್ಪಿತು, ಇಲ್ಲಿ ಬೆಂಗಳೂರಿನಲ್ಲಿ ಬಾಗಿಲು ಬಿತ್ತು. ಭಾರತದಲ್ಲಿ ಸಾವಿರಾರು ಕಲಾವಿದರು ರಾತ್ರೋರಾತ್ರಿ ಬೀದಿಗೆ ಬಂದರು. ಅವರಲ್ಲಿ ಕನ್ನಡದ ಮಕ್ಕಳೂ ಇದ್ದರು. ವರ್ಷಗಟ್ಟಲೆ ಅವರು ಕುಣಿಸಿದ ಸಿಂಹ, ಬೆಕ್ಕು, ಕತ್ತಿ, ಗುರಾಣಿ ಒಂದೂ ಅವರ ಹೆಸರಿನಲ್ಲಿರಲಿಲ್ಲ. ಗಾರೆ ಕೆಲಸದವನು ಕಟ್ಟಿದ ಮನೆಯಂತೆ!

ಬಂದೂಕಿಗೆ ಗಂಟೆ ಕಟ್ಟಿದರೆ ಕ್ರಿಸ್‌ಮಸ್ ಆದೀತೇ?

ಸರಿ, ನಾವೇ ಬರೆಯೋಣ ಎಂದರೆ ಹೇಗೆ ಬರೆಯಬೇಕು? ಅನೇಕರು ಮಾಡುವುದು ಇಷ್ಟೇ: ಬಂದೂಕಿಗೆ ಕೆಂಪು ಬಣ್ಣ ಬಳಿದು, ಎರಡು ಗಂಟೆ ಕಟ್ಟಿ, ಮೇಲೆ ಹತ್ತಿ ಉದುರಿಸಿ ‘ಕ್ರಿಸ್‌ಮಸ್ ಆಯುಧ’ ಎನ್ನುವುದು. ಇದು ವಿನ್ಯಾಸವಲ್ಲ, ಸೋಗು. ಬಲ್ಲವರು ಹೇಗೆ ಮಾಡಿದ್ದಾರೆ ನೋಡಿ. ಕಲಿಯುವುದರಲ್ಲಿ ನಾಚಿಕೆ ಏನಿದೆ?

ಟೀಮ್ ಫೋರ್ಟ್ರೆಸ್ 2 ಎಂಬ ಕಂಪ್ಯೂಟರ್ ಆಟ ನಿಮ್ಮಲ್ಲಿ ಬಹಳ ಮಂದಿ ಆಡಿದ್ದೀರಿ. 2010ರ ಡಿಸೆಂಬರಿನಲ್ಲಿ ಅದಕ್ಕೆ ಕ್ಯಾಂಡಿ ಕೇನ್ ಬಂತು. ಅದನ್ನು ಹಿಡಿದು ಶತ್ರುವನ್ನು ಕೆಡವಿದರೆ ಗಾಯ ಮಾಗಿಸುವ ಚಿಕ್ಕ ಮದ್ದಿನ ಪೊಟ್ಟಣ ನೆಲಕ್ಕೆ ಬೀಳುತ್ತದೆ. ಆದರೆ ಅದನ್ನು ಹಿಡಿದವನಿಗೆ ಸ್ಫೋಟದ ಏಟು ಹೆಚ್ಚು ತಾಗುತ್ತದೆ. ಮಿಠಾಯಿ ತಾನೇ, ಪುಡಿಯಾಗುವ ಜಾತಿ! 2011ರ ಡಿಸೆಂಬರಿನಲ್ಲಿ ಮಂಜಿನ ಚೂರಿ ಬಂತು. ಅದರಿಂದ ಇರಿದರೆ ಶತ್ರು ಮಂಜಿನ ಬೊಂಬೆಯಾಗಿ ನಿಲ್ಲುತ್ತಾನೆ. ಬೆಂಕಿ ತಾಗಿದರೆ ಚೂರಿಯೇ ಕರಗಿಹೋಗುತ್ತದೆ, ಆದರೆ ಕರಗುವಾಗ ಒಡೆಯನನ್ನು ಕೆಲವು ಕ್ಷಣ ಬೆಂಕಿಯಿಂದ ಕಾಯುತ್ತದೆ. ಅದೇ ಸಲ ಉಣ್ಣೆಯ ಕೈಚೀಲವೂ ಬಂತು. ಅದನ್ನು ತೊಟ್ಟು ಬೆನ್ನ ಹಿಂದಿನಿಂದ ಗುದ್ದಿದರೆ ಎದುರಾಳಿ ಹೊಟ್ಟೆ ಹಿಡಿದುಕೊಂಡು ನಗತೊಡಗುತ್ತಾನೆ!

ಇದರಿಂದ ಏನು ಕಲಿಯಬೇಕು? ಒಂದು, ಆಯುಧದ ಗುಣ ಆ ವಸ್ತುವಿನೊಳಗಿಂದಲೇ ಹುಟ್ಟಬೇಕು. ಮಂಜು ಕರಗಬೇಕು, ಮಿಠಾಯಿ ಪುಡಿಯಾಗಬೇಕು, ಉಣ್ಣೆ ಕಚಗುಳಿ ಇಡಬೇಕು. ಎರಡು, ಆಯುಧಕ್ಕೆ ಒಂದು ಕುಂದು ಇರಲೇಬೇಕು. ಕುಂದಿಲ್ಲದ ಆಯುಧಕ್ಕೆ ಕಥೆಯಿಲ್ಲ. ಕರ್ಣನ ಕವಚ ಕಳಚಿಕೊಳ್ಳಲು ಬಾರದಂತಿದ್ದರೆ ಭಾರತ ಯುದ್ಧಕ್ಕೆ ರುಚಿ ಎಲ್ಲಿತ್ತು?

ಮೂರು, ಆಯುಧ ಹಿಡಿದವನನ್ನು ಹೋಲಬೇಕು. ‘ಗಾರ್ಡಿಯನ್ಸ್’ ಚಿತ್ರದಲ್ಲೇ ಜ್ಯಾಕ್ ಫ್ರಾಸ್ಟ್ ಎಂಬ ಮಂಜಿನ ಹುಡುಗನಿದ್ದಾನೆ. ಅವನ ಕೈಯಲ್ಲಿರುವುದು ತುದಿ ಬಾಗಿದ ಒಂದು ಒಣ ಕೋಲು, ಥೇಟ್ ಕುರಿ ಕಾಯುವವನ ಕೋಲು. ಅದು ತಾಗಿದಲ್ಲೆಲ್ಲ ಮಂಜು ಹೂವಿನಂತೆ ಹರಡುತ್ತದೆ. ಖಳನಾಯಕ ಆ ಕೋಲು ಮುರಿದಾಗ ಮುರಿದದ್ದು ಕೋಲಷ್ಟೇ ಎಂದು ನೋಡುವವರಿಗೆ ಅನ್ನಿಸುವುದಿಲ್ಲ, ಹುಡುಗನೇ ಮುರಿದಂತೆ ಕಾಣುತ್ತದೆ. ಒಂದು ಕೋಲಿನಿಂದ ಇಷ್ಟು ಕೆಲಸ!

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಕ್ರಿಸ್‌ಮಸ್ ಶಾಂತಿಯ ಹಬ್ಬ, ಕೊಡುವ ಹಬ್ಬ. ಅದಕ್ಕೂ ಆಯುಧಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಿದ್ದರೂ ಒಳ್ಳೆಯ ವಿನ್ಯಾಸಗಾರರು ಇವೆರಡನ್ನೂ ಕೂಡಿಸಿದ್ದು ಹೇಗೆ? ಹೊಡೆಯುವ ವಸ್ತುವೇ ಏನನ್ನಾದರೂ ಕೊಡುವಂತೆ ಮಾಡಿದರು. ಕ್ಯಾಂಡಿ ಕೇನ್ ಮದ್ದು ಕೊಡುತ್ತದೆ. ಉಣ್ಣೆ ಕೈಚೀಲ ನಗು ಕೊಡುತ್ತದೆ. ಸಿ.ಎಸ್. ಲೂಯಿಸ್ 1950ರಲ್ಲಿ ಬರೆದ ನಾರ್ನಿಯಾ ಕಥೆಯಲ್ಲಿ ಕ್ರಿಸ್‌ಮಸ್ ತಾತ ಮಕ್ಕಳಿಗೆ ಆಯುಧಗಳನ್ನೇ ಉಡುಗೊರೆ ಕೊಡುತ್ತಾನೆ. ದೊಡ್ಡ ಹುಡುಗನಿಗೆ ಕತ್ತಿ ಗುರಾಣಿ, ಅಕ್ಕನಿಗೆ ಬಿಲ್ಲು ಮತ್ತು ಕೊಂಬು, ಎಲ್ಲರಿಗಿಂತ ಚಿಕ್ಕ ಹುಡುಗಿಗೆ ಒಂದು ಪುಟ್ಟ ಬಾಕು, ಜೊತೆಗೆ ಗಾಯ ಮಾಗಿಸುವ ರಸದ ಸೀಸೆ. 2005ರಲ್ಲಿ ಆ ಕಥೆ ಚಿತ್ರವಾದಾಗ ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್ ಆ ಆಯುಧಗಳನ್ನು ತಯಾರಿಸಿತು. ನೋಡಿದವರ ಮನಸ್ಸಿನಲ್ಲಿ ಕತ್ತಿಯಷ್ಟೇ ಆ ಸೀಸೆಯೂ ಉಳಿಯಿತು. ಕೊಡದ ಆಯುಧ ಕ್ರಿಸ್‌ಮಸ್ ಆಯುಧವಲ್ಲ. ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ!

ಕ್ರಿಸ್‌ಮಸ್ ನಮಗೇಕೆ ಅನ್ನುವವರಿಗೆ

ನಮ್ಮವರೇ ಕೆಲವರು ಹುಬ್ಬು ಗಂಟಿಕ್ಕುವುದು ನನಗೆ ಗೊತ್ತು. ‘ಗದೆ ಇಲ್ಲವೇ, ಚಕ್ರ ಇಲ್ಲವೇ, ವೀರಗಾಸೆಯ ಕತ್ತಿ ಇಲ್ಲವೇ? ಕ್ರಿಸ್‌ಮಸ್ ಯಾಕೆ ಬೇಕು?’

ಸ್ವಾಮಿ, ಗದೆಯನ್ನೂ ಬರೆಯೋಣ, ಚಕ್ರವನ್ನೂ ಬರೆಯೋಣ. ಆದರೆ ಕ್ರಿಸ್‌ಮಸ್ ಹೊರಗಿನದು ಎನ್ನುವ ಮುಂಚೆ ಸ್ವಲ್ಪ ನೆನಪು ಮಾಡಿಕೊಳ್ಳಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಹರ್ಮನ್ ಮೊಗ್ಲಿಂಗ್. 1894ರಲ್ಲಿ ಕನ್ನಡಕ್ಕೆ ಮಹಾ ನಿಘಂಟು ಕೊಟ್ಟವರು ಫರ್ಡಿನೆಂಡ್ ಕಿಟೆಲ್. ಇಬ್ಬರ ಮನೆಯಲ್ಲೂ ಡಿಸೆಂಬರ್ 25ಕ್ಕೆ ಹಬ್ಬ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಪ್ರತಿಮೆಗೆ ಹಾರ ಹಾಕುವ ನಾವು ಅವರ ಹಬ್ಬಕ್ಕೆ ಬೆನ್ನು ಹಾಕಿದರೆ ನಗೆಪಾಟಲು. ಕರಾವಳಿಯಲ್ಲಿ, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹಳ್ಳಿಯ ಚರ್ಚುಗಳಲ್ಲಿ ಗೋದಲಿ ಕಟ್ಟಿ ಕನ್ನಡದಲ್ಲೇ ಪ್ರಾರ್ಥಿಸುವವರು ಕನ್ನಡಿಗರಲ್ಲದೆ ಮತ್ತೇನು? ಅವರ ಹಬ್ಬ ಕನ್ನಡದ ಹಬ್ಬ. ಅದರಿಂದ ಹುಟ್ಟುವ ಕಲ್ಪನೆಯೂ ಕನ್ನಡದ ಕಲ್ಪನೆ.

ನಮ್ಮ ಅಟ್ಟದ ಮೇಲಿನ ಆಯುಧಗಳು

ಹಾಗಾದರೆ ಹುಡುಕೋಣ. ದೂರ ಹೋಗುವುದು ಬೇಡ, ಅಡುಗೆಮನೆಗೆ ಬನ್ನಿ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಕುಸ್ವಾರ್ ಎಂದು ಬಗೆಬಗೆಯ ತಿಂಡಿ ಮಾಡುತ್ತಾರೆ. ಅದರಲ್ಲಿ ಗುಲಾಬಿ ಹೂವಿನಂಥ ಗರಿಗರಿ ತಿಂಡಿಯೊಂದುಂಟು, ರೋಸ್ ಕುಕೀಸ್. ಅದರ ಅಚ್ಚು ನೋಡಿದ್ದೀರಾ? ಉದ್ದನೆಯ ಕಂಬಿ, ತುದಿಯಲ್ಲಿ ಲೋಹದ ಹೂವು. ಕೈಗೆ ಎತ್ತಿಕೊಂಡರೆ ಪುಟ್ಟ ಗದೆ! ಇನ್ನು ಅದರ ಗುಣ ಕೇಳಿ. ಅಚ್ಚನ್ನು ಮೊದಲು ಎಣ್ಣೆಯಲ್ಲಿ ಕಾಯಿಸಬೇಕು, ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಅದ್ದುವಾಗ ಅಂಚಿನವರೆಗೆ ಮಾತ್ರ ಅದ್ದಬೇಕು. ದುರಾಸೆಗೆ ಬಿದ್ದು ಪೂರ್ತಿ ಮುಳುಗಿಸಿದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ. ನೋಡಿ, ಆಯುಧದ ನಿಯಮ ಅಡುಗೆಯೊಳಗೇ ಇದೆ! ಕಾದಾಗ ಮಾತ್ರ ಕೆಲಸ ಮಾಡುವ, ಬೀಸಿದರೆ ಬೆಂಕಿ ಹೂ ಬಿಡುವ, ದುರಾಸೆಯವನ ಕೈಯಲ್ಲಿ ಕಚ್ಚಿಕೊಂಡುಬಿಡುವ ಗದೆ. ಯುದ್ಧ ಮುಗಿದ ಮೇಲೆ ಉದುರಿದ ಹೂಗಳನ್ನು ಹಸಿದ ಮಕ್ಕಳು ಆರಿಸಿ ತಿನ್ನಬಹುದು. ಹೊಡೆಯುತ್ತದೆ, ಕೊಡುತ್ತದೆ. ಅಮೆರಿಕದವನಿಗೆ ಇದು ಹೊಳೆದೀತೇ? ಅಮ್ಮನ ಪಕ್ಕ ಕೂತು ಅಚ್ಚು ಅದ್ದಿದವರಿಗೆ ಮಾತ್ರ ಹೊಳೆಯುವ ಮಾತು ಇದು.

ಕುಸ್ವಾರ್‌ನಲ್ಲೇ ಕಿಡಿಯೊ ಎಂಬ ಇನ್ನೊಂದು ತಿಂಡಿ. ಹಿಟ್ಟಿನ ಉಂಡೆಯನ್ನು ಫೋರ್ಕಿನ ಇಲ್ಲವೇ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುತ್ತಾರೆ. ಪುಟ್ಟ ಶಂಖದಂತೆ ಕಾಣುತ್ತದೆ. ಕವಣೆಗೆ ಇಟ್ಟು ಬೀಸಲು ಇದಕ್ಕಿಂತ ಚಂದದ ಗುಂಡು ಬೇಕೇ?

ಮನೆ ಮುಂದೆ ತೂಗುವ ನಕ್ಷತ್ರದ ಗೂಡುದೀಪ ನೋಡಿ. ಬಿದಿರಿನ ಸೀಳು, ಬಣ್ಣದ ಕಾಗದ, ಒಳಗೆ ಬೆಳಕು. ಅದನ್ನು ಗುರಾಣಿ ಮಾಡಿ. ಬೆಂಕಿ ತಾಗಿದರೆ ಕಾಗದ ಸುಟ್ಟುಹೋಗಲಿ, ಬಿದಿರು ಉಳಿಯಲಿ. ಹೊಸ ಕಾಗದ ಅಂಟಿಸಿದರೆ ಮತ್ತೆ ಹೊಸ ಗುರಾಣಿ, ಹೊಸ ಬಣ್ಣಕ್ಕೆ ಹೊಸ ಶಕ್ತಿ. ಸೋತು ಮತ್ತೆ ಏಳುವ ನಾಯಕಿಗೆ ಇಂಥ ಗುರಾಣಿಯೇ ತಕ್ಕದ್ದು.

ಬರೆದ ಮೇಲೆ ಪರೀಕ್ಷೆ ಮಾಡಿ. ಚಿತ್ರವನ್ನು ಪೂರ್ತಿ ಕಪ್ಪು ಬಳಿಯಿರಿ. ಬರೀ ನೆರಳು ನೋಡಿ ಇದು ಯಾವ ಆಯುಧ, ಯಾರದು ಎಂದು ಪಕ್ಕದಲ್ಲಿ ಕೂತ ಗೆಳೆಯ ಹೇಳಬೇಕು. ಹೇಳಲಾರದಿದ್ದರೆ ಆಕಾರ ಸೋತಿದೆ, ಮತ್ತೆ ಬರೆಯಿರಿ. ತೊಗಲುಗೊಂಬೆ ನೋಡಿ ಬೆಳೆದ ನಾಡಿಗೆ ನೆರಳಿನ ಪಾಠ ಹೇಳಿಕೊಡಬೇಕೆ? ಎಲ್ಲಿ ಮಡಚುತ್ತದೆ, ಎಲ್ಲಿ ತಿರುಗುತ್ತದೆ, ಎಷ್ಟು ಭಾರ, ಬಿದ್ದರೆ ಯಾವ ಸದ್ದು ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಮೂಳೆ ಕೀಲು ಜೋಡಿಸುವವನಿಗೆ ಅದೇ ದಾರಿ. ಆ ಟಿಪ್ಪಣಿ ಕನ್ನಡದಲ್ಲಿರಲಿ. ಅಲಗು, ಹಿಡಿ, ಮೊನೆ, ಅಂಚು, ಕೊಕ್ಕೆ, ಅಚ್ಚು, ಕೀಲು, ಬಿರಡೆ: ಇಷ್ಟೊಂದು ಪದ ಇರುವಾಗ ಕಲ್ಪನೆ ಯಾಕೆ ಬಡವಾಗಬೇಕು? ಹೊರಗಿನವನಿಗೆ ತೋರಿಸುವಾಗ ಇಂಗ್ಲಿಷಿನಲ್ಲಿ ಹೇಳಿ, ಯಾರೂ ಬೇಡ ಅನ್ನುವುದಿಲ್ಲ. ಮೊದಲ ಯೋಚನೆ ಮಾತ್ರ ಮನೆಯ ಮಾತಿನಲ್ಲಿ ಬರಲಿ.

ನೆಪ ಬೇಡ

‘ನಮ್ಮ ಹತ್ತಿರ ದುಬಾರಿ ಸಾಫ್ಟ್‌ವೇರ್ ಇಲ್ಲ’ ಎನ್ನುತ್ತೀರಾ? ಬ್ಲೆಂಡರ್ ಎಂಬ ತಂತ್ರಾಂಶ 2002ರಿಂದ ಎಲ್ಲರಿಗೂ ಮುಕ್ತ. ಒಂದು ಕಾಸೂ ಬೇಡ. ಕಡೆಯಬಹುದು, ಮೂಳೆ ಜೋಡಿಸಬಹುದು, ಕುಣಿಸಬಹುದು, ಬೆಳಕು ಬಿಡಬಹುದು. ಲಾಟ್ವಿಯಾ ಎಂಬ ಪುಟ್ಟ ದೇಶವಿದೆ. ಅದರ ಇಡೀ ಜನಸಂಖ್ಯೆ 20 ಲಕ್ಷವೂ ಇಲ್ಲ. ಅಲ್ಲಿಯ ಗಿಂಟ್ಸ್ ಜಿಲ್ಬಲೋಡಿಸ್ ಎಂಬ ತರುಣ ಫ್ರಾನ್ಸ್ ಮತ್ತು ಬೆಲ್ಜಿಯಂನವರ ಜೊತೆಗೂಡಿ ಇದೇ ಬ್ಲೆಂಡರ್‌ನಲ್ಲಿ ‘ಫ್ಲೋ’ ಎಂಬ ಚಿತ್ರ ಮಾಡಿದ. ಒಂದು ಕರಿ ಬೆಕ್ಕಿನ ಕಥೆ, ಒಂದೂ ಮಾತಿಲ್ಲ. 2025ರ ಮಾರ್ಚಿನಲ್ಲಿ ಹಾಲಿವುಡ್ಡಿನ ದೈತ್ಯರನ್ನು ಹಿಂದೆ ಹಾಕಿ ಅದು ಆಸ್ಕರ್ ಗೆದ್ದಿತು. ಲಾಟ್ವಿಯಾಕ್ಕೆ ಅದು ಮೊಟ್ಟಮೊದಲ ಆಸ್ಕರ್. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಲೆಕ್ಕ ನೀವೇ ಹಾಕಿ!

ನಮ್ಮ ಸಂಘಗಳಿಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಂಗಡಿ ಬೋರ್ಡಿನ ಮೇಲೆ ಕನ್ನಡ ತಂದೆವು, ಸಂತೋಷ. ಪರದೆಯ ಮೇಲೆ ಕನ್ನಡದ ಕಲ್ಪನೆ ತರುವುದು ಯಾವಾಗ? ನವೆಂಬರ್ ಬಂದರೆ ಆರ್ಕೆಸ್ಟ್ರಾಕ್ಕೆ ಸುರಿಯುವ ದುಡ್ಡಿನಲ್ಲಿ ಕಾಲು ಭಾಗ ಎತ್ತಿಡಿ. ಡಿಸೆಂಬರಿನಲ್ಲಿ ಬಡಾವಣೆಯ ಮಕ್ಕಳನ್ನೆಲ್ಲ, ಯಾವ ಮನೆಯವರಾದರೂ ಸರಿ, ಕೂರಿಸಿ. ‘ನಿಮ್ಮ ಮನೆಯ ಒಂದು ವಸ್ತುವಿನಿಂದ ಕ್ರಿಸ್‌ಮಸ್ ಆಯುಧ ಬರೆಯಿರಿ; ಅದು ಹೊಡೆಯಬೇಕು, ಕೊಡಲೂಬೇಕು’ ಎಂದು ಸ್ಪರ್ಧೆ ಇಡಿ. ಗೆದ್ದವರಿಗೆ ಶಾಲು ಬೇಡ, ಬರೆಯುವ ಡಿಜಿಟಲ್ ಪ್ಯಾಡ್ ಕೊಡಿ. ಸ್ಟುಡಿಯೋಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು ಭಾನುವಾರ ಬಂದು ಎರಡು ಗಂಟೆ ಹೇಳಿಕೊಡಲಿ. ಕೆಲಸದಲ್ಲಿರುವವರು ಸಂಜೆ ಬರೆದ ಚಿತ್ರಗಳಿಗೆ ಹೆಸರು, ದಿನಾಂಕ ಹಾಕಿ ಜೋಪಾನವಾಗಿಡಿ. ಕಂಪನಿಯ ಕೆಲಸ ಕಂಪನಿಗೆ, ನಿಮ್ಮ ಕನಸು ನಿಮಗೆ. ಮೊದಲು ಹೇಳಿದ ಟೀಮ್ ಫೋರ್ಟ್ರೆಸ್ ಆಟಕ್ಕೆ ಹೊರಗಿನ ಕಲಾವಿದರೂ ವಸ್ತುಗಳನ್ನು ಮಾಡಿ ಕಳಿಸಬಹುದು. ಆಯ್ಕೆಯಾಗಿ ಮಾರಾಟವಾದರೆ ಹಣದಲ್ಲಿ ಪಾಲೂ ಸಿಗುತ್ತದೆ. ಬಾಗಿಲು ತೆರೆದಿದೆ, ತಟ್ಟುವವರು ಬೇಕು.

ಅರಸೀಕೆರೆಯ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ‘ನೀನು ಮೂರು ತಿಂಗಳು ತಿರುಗಿಸಿದ ಆ ಬಾಗಿದ ಕಡ್ಡಿ ಕುರಿ ಕಾಯುವವನ ಕೋಲಿನ ಆಕಾರ ಅಂತ ಅಲ್ಲಿಯ ಜನ ನಂಬುತ್ತಾರೆ ಕಣೋ. ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಕುರಿ ಕಾಯುವವರಿಗೆ. ನಿಮ್ಮ ಅಪ್ಪನ ಕೈಯಲ್ಲಿ ಏನಿರುತ್ತೆ?’ ಅಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ದೋಟಿ ಅಣ್ಣ. ತುದಿಗೆ ಕೊಕ್ಕೆ. ಕೊಂಬೆ ಬಗ್ಗಿಸಿ ಮರಿಗಳಿಗೆ ಸೊಪ್ಪು ಕೊಡ್ತಾರೆ’ ಅಂದ.

ಮೊನ್ನೆ ರಾತ್ರಿ ಫೋನಿಗೆ ಒಂದು ಚಿತ್ರ ಕಳಿಸಿದ್ದಾನೆ. ಕಂಬಳಿ ಕೊಪ್ಪೆ ಹೊದ್ದ ಪುಟ್ಟ ಹುಡುಗಿ. ಕೈಯಲ್ಲಿ ತನಗಿಂತ ಎರಡರಷ್ಟು ಉದ್ದದ ದೋಟಿ. ಆಕಾಶದ ನಕ್ಷತ್ರಕ್ಕೆ ಕೊಕ್ಕೆ ಹಾಕಿ ಕೊಂಬೆ ಬಗ್ಗಿಸಿದಂತೆ ಕೆಳಗೆ ಬಗ್ಗಿಸುತ್ತಿದ್ದಾಳೆ. ಬೆಳಕು ಗೋದಲಿಯ ಮೇಲೆ ಸುರಿಯುತ್ತಿದೆ, ಕತ್ತಲೆಯ ದೆವ್ವಗಳು ದಿಕ್ಕೆಟ್ಟು ಓಡುತ್ತಿವೆ. ಮೂಲೆಯಲ್ಲಿ ಅವನ ಹೆಸರು, ಕನ್ನಡದಲ್ಲಿ.

ಇದು ಯಾವ ದೇಶದಿಂದಲೂ ಮೇಲ್‌ನಲ್ಲಿ ಬಂದದ್ದಲ್ಲ. ತರುಣ ಗೆಳೆಯರೇ, ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ನಿಮ್ಮ ಆಯುಧ ಅಲ್ಲೇ ಇದೆ. ಇಳಿಸಿ, ಧೂಳು ಒರೆಸಿ, ಬರೆಯಿರಿ!